ಲಾರ್ಡ್ ಸಾಹೇಬರು ಕುಣಿಗಲ್‌ಗೆ ಹೋದದ್ದು

ಪಾಠ ಮಾಡಿದ್ದನ್ನು ಮನೆಯಲ್ಲಿ ಪ್ರಯೋಗಿಸಬಾರದು ಎಂಬ ಎಚ್ಚರ ವಿಜ್ಞಾನದ ಮೇಷ್ಟ್ರಿಗೆ ಇರುತ್ತದೆ. ಆಸಿಡ್ ಚೆಲ್ಲಿದರೆ ನೆಲ ಸುಡುತ್ತದಲ್ಲ. ಇತಿಹಾಸದ ಮೇಷ್ಟ್ರಿಗೆ ಅಂಥ ಭಯವಿಲ್ಲ. ತುಮಕೂರಿನ ಕಾಲೇಜೊಂದರಲ್ಲಿ ನಾನು ವರ್ಷಾವರ್ಷ ಹತ್ತೊಂಬತ್ತನೇ ಶತಮಾನದ ಒಬ್ಬ ಇಂಗ್ಲಿಷ್ ಲಾರ್ಡ್‌ನ ವೃತ್ತಿಜೀವನವನ್ನು ಪಾಠ ಮಾಡುತ್ತಿದ್ದೆ. ಹೆಸರು ಬೇಡ ಬಿಡಿ, ಪರೀಕ್ಷೆಗೆ ಬರುವುದಿಲ್ಲ. ಹುಟ್ಟುವಾಗಲೇ ಎಸ್ಟೇಟು, ಮೀಸೆ ದಪ್ಪವಾಗುವ ಮೊದಲೇ ರಾಯಭಾರಿ. ಹೋದ ದೇಶದಲ್ಲೆಲ್ಲ ತಾನು ಬಂದ ವಿಷಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿ, ಎದುರಿನವರೇ ಬೇಸತ್ತು ವಿಷಯ ಎತ್ತುವಂತೆ ಮಾಡುತ್ತಿದ್ದನಂತೆ. ಒಂದೆರಡು ಒಪ್ಪಂದ ಹಾಳಾದವು. ಆಗೆಲ್ಲ ಅವನಿಗೆ ಇನ್ನೂ ದೊಡ್ಡ ಹುದ್ದೆ ಸಿಕ್ಕಿತು. ಕೊನೆಗೆ ಮಂತ್ರಿಯಾದ. ಬಡ್ತಿಯನ್ನೇ ಕಾಣದ ನನಗೆ ಅವನ ಮೇಲೆ ಅಪಾರ ಭಕ್ತಿ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ನಾದಿನಿಯ ಮದುವೆ ಗೊತ್ತಾಯಿತು. ಮಾವನವರು ತೀರಿಕೊಂಡಿದ್ದರು. ಧಾರೆ ಎರೆಯಬೇಕಾದವರು ಅವರ ಅಣ್ಣ, ಕುಣಿಗಲ್‌ನ ದೊಡ್ಡಪ್ಪ. ನನ್ನ ಬಾಮೈದ ಅವರನ್ನು ಗುಬ್ಬಿ ಸಂತೆಯಲ್ಲಿ ಕಂಡವನೇ, ಕುಣಿಗಲ್ ಬಸ್ ಚಾರ್ಜು ಉಳಿಯಿತೆಂದು ಅಲ್ಲೇ ಲಗ್ನಪತ್ರಿಕೆ ಕೈಗಿಟ್ಟು ಬಂದುಬಿಟ್ಟ. ದೊಡ್ಡಪ್ಪ ಹೇಳಿ ಕಳಿಸಿದರು: "ಸೊಪ್ಪಿನ ಕಟ್ಟು ಕೊಟ್ಟಂಗೆ ಸಂತೇಲಿ ಕೊಟ್ಟವ್ನೆ. ಮನೆಗ್ ಬಂದು ಕುಂಕುಮ ಇಟ್ಟು ಕರೀಬೇಕು ಅಂತ ಗೊತ್ತಿಲ್ವಾ? ನಾನ್ ಬರಾಕಿಲ್ಲ ಬುಡು."

ಅತ್ತೆ ಅಳತೊಡಗಿದರು. ನನ್ನ ಹೆಂಡತಿ ಸರೋಜ, "ಅಪ್ಪನೂ ಇಲ್ಲ, ದೊಡ್ಡಪ್ಪನೂ ಬರಲ್ಲ ಅಂದ್ರೆ ಅವಳ ಕೈ ಹಿಡಿದು ಕೊಡೋರು ಯಾರ್ರೀ?" ಎಂದಳು. ನನ್ನೊಳಗಿನ ಲಾರ್ಡ್ ಎದ್ದು ಕೂತ. "ನಾನು ಹೋಗಿ ಕರೆದು ಬರ್ತೀನಿ," ಎಂದೆ.

ಬೇಸಿಗೆಯಲ್ಲಿ ನನ್ನ ಮದುವೆಯ ಸೂಟು ತೊಟ್ಟು ಕುಣಿಗಲ್ ಬಸ್ಸು ಹತ್ತಿದೆ. ಕಂಡಕ್ಟರ್ ಚೆಕಿಂಗ್‌ನವರೆಂದು ತಿಳಿದು ಟಿಕೆಟ್ಟೇ ಕೇಳಲಿಲ್ಲ. ದೊಡ್ಡಪ್ಪನ ಜಗಲಿಯಲ್ಲಿ ಕೂತು ಬಿಸಿಲಿನಿಂದ ಶುರುಮಾಡಿದೆ. ಅವರೂ ಬಿಸಿಲು ಎಂದರು. ತೆಂಗಿನ ನುಸಿರೋಗ ಎಂದೆ, ಅದಕ್ಕೂ ಹೂಂ ಎಂದರು. ಬಿದರೆಹಳ್ಳಿ ಕಾವಲಿನಿಂದ ಯಡಿಯೂರಿನವರೆಗೆ ಜಿಲ್ಲೆಯ ಸಮಾಚಾರವೆಲ್ಲ ಮುಗಿಯಿತು. ಸೂಟಿನೊಳಗೆ ನಾನು ಬೇಯುತ್ತಿದ್ದೆ, ಅವರು ಬರೀ ಬನಿಯನ್ನಿನಲ್ಲಿ ಆರಾಮಾಗಿದ್ದರು. ಮದುವೆ ಎಂಬ ಪದ ಇಬ್ಬರ ಬಾಯಲ್ಲೂ ಬರಲಿಲ್ಲ. ಊಟ ಆಯಿತು, ಕೊನೆ ಬಸ್ಸಿನ ಹೊತ್ತೂ ಆಯಿತು. ನನ್ನ ಕೈಗೊಂದು ಹಲಸಿನಹಣ್ಣು ಕೊಟ್ಟು, "ಆಗಾಗ ಬರ್ತಾ ಇರಿ ಅಳಿಯಂದ್ರೇ," ಎಂದು ಬೀಳ್ಕೊಟ್ಟರು.

"ಕರೆದ್ರಾ?" ಎಂದಳು ಸರೋಜ.

"ಅವರಾಗೇ ವಿಷಯ ಎತ್ತಲಿ ಅಂತ ಕಾದೆ."

"ಅಂದ್ರೆ, ಮನೆವರೆಗೂ ಹೋಗಿ ಕರೀದೇ ಬಂದ್ರಾ? ಅವನು ಸಂತೇಲಾದ್ರೂ ಕರೆದಿದ್ದ ಕಣ್ರೀ!"

ಮರುದಿನ ಬೆಳಿಗ್ಗೆ ಅವಳೇ ಕುಂಕುಮದ ಬಟ್ಟಲು ಹಿಡಿದು ಹೋದಳು. ಹೊಸಿಲು ದಾಟುವ ಮೊದಲೇ, "ಅಪ್ಪ ಇದ್ದಿದ್ರೆ ನಾನು ನಿನ್ ಬಾಗ್ಲಿಗೆ ಹಿಂಗ್ ಬಂದು ನಿಲ್ತಿದ್ನಾ ದೊಡ್ಡಪ್ಪ?" ಎಂದು ಅತ್ತಳಂತೆ. ಅವರೂ ಅತ್ತರಂತೆ. ಒಲೆಯ ಮೇಲಿನ ಕಾಫಿ ಕುದಿಯುವಷ್ಟರಲ್ಲಿ ಸಂಧಾನ ಮುಗಿದಿತ್ತು. ಧಾರೆಯ ಹೊತ್ತಿನಲ್ಲಿ ನಾದಿನಿಯ ಕೈ ಹಿಡಿದು ಕೊಟ್ಟವರು ಅವರೇ.

ಲಾರ್ಡ್‌ನ ಹಾಗೆ ಸೋತ ಮೇಲೆ ನನಗೂ ಹೊಸ ಹುದ್ದೆ ಸಿಕ್ಕಿತು: ಬೀಗರೂಟದಲ್ಲಿ ನೀರು ಬಡಿಸುವುದು. ಜಗ್ಗು ಹಿಡಿದು, ಹುಡುಗನ ಕಡೆಯವರಿಗೆ ಮೊದಲೋ ಹುಡುಗಿಯ ಕಡೆಯವರಿಗೆ ಮೊದಲೋ ಎಂದು ಎರಡು ಪಂಕ್ತಿಗಳ ನಡುವೆ ಯೋಚಿಸುತ್ತ ನಿಂತಿದ್ದೆ. ಖಾರ ನೆತ್ತಿಗೇರಿ ಕೆಮ್ಮುತ್ತಿದ್ದ ದೊಡ್ಡಪ್ಪ ಕೂಗಿದರು: "ಅಳಿಯಂದ್ರೇ, ನೀರಾದ್ರೂ ನಾವೇ ಕೇಳ್ಬೇಕಾ, ಇಲ್ಲಾ ನೀವಾಗೇ ಕೊಡ್ತೀರಾ?"