ಮಾಮಾನ ಜೇಬಿನಲ್ಲಿ ನಾಲ್ಕು ಗೊರವ

ನಮ್ಮ ಮಾಮಾಗೆ ಸುಖವಾಗಿ ಬದುಕಿರುವ ಹಕ್ಕಿಗಳೆಂದರೆ ಅಷ್ಟಕ್ಕಷ್ಟೆ. ಹಕ್ಕಿ ಅವರ ಮನಸ್ಸಿಗೆ ಬರಬೇಕಾದರೆ ಒಂದೋ ಅಳಿದುಹೋಗಿರಬೇಕು, ಇಲ್ಲವೇ ಅದಕ್ಕೆ ತಯಾರಾಗಿರಬೇಕು! ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಈ ಬ್ಯಾಂಕ್ ಅಧಿಕಾರಿಯ ಅಂಗಿ ಜೇಬಿನಲ್ಲಿ ಸದಾ ಒಂದು ಚಿತ್ರ. ಅದರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳ ನಾಲ್ಕು ಗೊರವಗಳು, ದಡದಲ್ಲಿ ಓಡಾಡುವ ಪುಟ್ಟ ಹಕ್ಕಿಗಳು. ಮೂರು ಅಳಿದಿವೆ, ಒಂದು ಉಳಿದಿದೆ. ಆ ಊರಿನ ಮಧುರವಾಡ ಬಡಾವಣೆಯ ಅವರ ಮನೆಗೆ ಹೋದವರು ಉಳಿದದ್ದು ಯಾವುದೆಂದು ಹೇಳಬೇಕು; ಕಾಫಿ ಆಮೇಲೆ. ಎದುರುಮನೆಯ ಹಿರಿಯರು ಬಹಳ ಹೊತ್ತು ನೋಡಿ, ಫ್ರೈಗೆ ಯಾವುದು ಒಳ್ಳೆಯದೆಂದು ವಿನಯದಿಂದ ಕೇಳಿದರು. ಅವರಿಗೆ ಕಾಫಿ ಸಿಗಲಿಲ್ಲ.

ಮಾಮಿಯದು ಮದುವೆಯಾದಾಗಿನಿಂದ ಒಂದೇ ಉತ್ತರ. ಸೌಟು ಹಿಡಿದುಕೊಂಡೇ ಇಣುಕಿ, "ನಾಕೂ ಗುಬ್ಬೀನ ಅಲ್ಲೇನ್ರೀ?" ಅನ್ನುತ್ತಿದ್ದರು. ಮಾಮಾ ಕೆಂಡವಾಗುತ್ತಿದ್ದರು. ಟಾಹಿಟಿಯ ಹಕ್ಕಿಗೂ ಪಕ್ಕದ ದ್ವೀಪದ್ದಕ್ಕೂ ರೆಕ್ಕೆಯ ಬಿಳಿಯಲ್ಲಿ ಎಷ್ಟು ವ್ಯತ್ಯಾಸ ಎಂದು ಉಪನ್ಯಾಸ ಶುರುವಾಗುವಷ್ಟರಲ್ಲಿ ಮಾಮಿ ಒಳಗೆ ಹೋಗಿ ಅನ್ನಕ್ಕಿಟ್ಟಿರುತ್ತಿದ್ದರು.

ಔಷಧ ಕಂಪನಿಯ ಕೆಲಸಕ್ಕೆಂದು ಅದೇ ಊರಿನಲ್ಲಿದ್ದ ನನ್ನನ್ನು ಒಮ್ಮೆ ಬೀಚಿಗೆ ಕರೆದೊಯ್ದರು. ಅಲೆಯ ಅಂಚಿನಲ್ಲಿ ನಿಜವಾದ ಗೊರವಗಳು ಗುಂಪಾಗಿ ಓಡುತ್ತಿದ್ದವು. ಮಾಮಾ ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಚಿತ್ರ ಬಿಚ್ಚಿದರು! ಹಿಂದೆ ನೋಡಿ ಎಂದೆ.

"ಅವು ಹೆಂಗೂ ಇರ್ತಾವ. ಅವನ್ನೇನ್ ನೋಡೂದು?"

ಆಮೇಲೆ ವಿಜಯವಾಡಕ್ಕೆ ವರ್ಗ. ಆಟೋನಗರದ ಹತ್ತಿರದ ಮನೆಗೆ ಇಲಿ ಬಂತು. ಆ ದ್ವೀಪಗಳಲ್ಲಿ ಗೊರವಗಳನ್ನು ಮುಗಿಸಿದ್ದು ಹಡಗಿನಲ್ಲಿ ಬಂದ ಇಲಿಗಳಂತೆ. ಮಾಮಾ ಪೊರಕೆ ಹಿಡಿದು ಸೇಡಿಗೆ ನಿಂತರು.

"ಅದು ವಿಜಯವಾಡದ ಇಲಿ ರೀ," ಎಂದರು ಮಾಮಿ. "ಟಾಹಿಟಿಗೆ ಹೋಗಿಲ್ಲ."

ಹೋದ ತಿಂಗಳು ಮಾಮಿಗೆ ಲಕ್ವಾ ಹೊಡೆಯಿತು. ನಾನು ರೈಲು ಹಿಡಿದು ಆಸ್ಪತ್ರೆಗೆ ಹೋದಾಗ ಅವರ ಬಲಗೈ ಹೊದಿಕೆಯ ಮೇಲಿತ್ತು, ಅಲುಗುತ್ತಿರಲಿಲ್ಲ. ಡಾಕ್ಟರು ಹೆಸರು ಕೇಳಿದರು, ಊರು ಕೇಳಿದರು. ಮಾತಿಲ್ಲ. ಮಾಮಿ ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ಮಾಮಾನನ್ನೂ ಹಾಗೆಯೇ ನೋಡಿದರು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮಾಮಾ ಜೇಬಿಗೆ ಕೈ ಹಾಕಿದರು. ಇಲ್ಲಿಯೂ ಇದೇನಾ ಎಂದುಕೊಂಡೆ. ಅವರು ಚಿತ್ರದ ಮಡಿಕೆ ಬಿಚ್ಚಿ ಮಾಮಿಯ ಮುಂದೆ ಹಿಡಿದರು.

"ಹೇಳು. ಯಾವುದು ಉಳದದ?"

ಮಾಮಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸೊಟ್ಟಗಾಗಿದ್ದ ತುಟಿ ಸ್ವಲ್ಪ ಅಲುಗಿತು.

"ನಾಕೂ... ಗುಬ್ಬೀನ... ಅಲ್ಲೇನ್ರೀ?"

ಮಾಮಾ ಕೆಂಡವಾಗಲಿಲ್ಲ. ಆ ಅಲುಗದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೌದು," ಎಂದರು. "ನಾಕೂ ಗುಬ್ಬೀನ."