ಚೌಕವಾದದ್ದು

ಯೂರೋಪಿನ ಚಿತ್ರಕಾರರು ಒಂದು ತಲೆಮಾರಿನ ಉದ್ದಕ್ಕೂ ಪರಸ್ಪರ ಜಗಳವಾಡಿ ಕಟ್ಟಿದ ಹೊಸ ಕಲಾಪಂಥಗಳನ್ನೆಲ್ಲ ನನ್ನ ಭಾವನವರು ಹೊನ್ನಾಳಿಯ ಒಂದು ಸೋರುವ ಬಾಡಿಗೆ ಮನೆಯಲ್ಲಿ, ಯಾರೊಡನೆಯೂ ಜಗಳವಾಡದೆ, ಒಬ್ಬರೇ ಕಟ್ಟಿ ಮುಗಿಸಿದರೆಂದರೆ ನೀವು ನಂಬುವಿರಾ? ನಂಬಬೇಕಾಗಿಲ್ಲ. ನಾನೂ ನಂಬಿರಲಿಲ್ಲ. ಆದರೆ ಆ ಇತಿಹಾಸದ ಒಂದು ಮುಖ್ಯ ಘಟ್ಟದಲ್ಲಿ ನಾನು ಎಮ್ಮೆಯೊಂದಕ್ಕೆ ಬೆನ್ನು ಕೊಟ್ಟು ನಿಂತಿದ್ದವನಾದ್ದರಿಂದ ಸಾಕ್ಷಿ ಹೇಳುವ ಅಧಿಕಾರ ನನಗಿದೆ.

ಅವರ ಹೆಸರನ್ನು ಹೇಳುವುದಿಲ್ಲ. ಇಂಥವರಿಗೆ ಅಂಕಿತನಾಮ ಬೇಕಿಲ್ಲ, ಸರ್ವನಾಮ ಸಾಕು. ನನ್ನ ಅಕ್ಕನ ಗಂಡ. ಹೊನ್ನಾಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ನಾನು ಆಗ ಚನ್ನಗಿರಿಯ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದೆ. ಈಗ ಶಾಲೆಯನ್ನು ಬಿಟ್ಟಿದ್ದೇನೆ. ವ್ಯಾಕರಣ ನನ್ನನ್ನು ಬಿಟ್ಟಿಲ್ಲ.

ಭಾವನವರು ಹುಟ್ಟಿನಿಂದಲೇ ಹೀಗಿದ್ದವರಲ್ಲ. ಮೊದಮೊದಲು ಅವರು ಬದನೆಕಾಯಿ ಬರೆದರೆ ಅದರ ತೊಟ್ಟಿನ ಮುಳ್ಳಿಗೆ ಹೆದರಿ ನೋಡಿದವರ ಕೈ ಹಿಂದೆ ಸರಿಯುತ್ತಿತ್ತು. ಅಂಥವರ ಬಾಳಿನಲ್ಲಿ ಬೊಂಬಾಯಿಯಿಂದ ಬಣ್ಣದ ಪೊಟ್ಟಣವೊಂದು ಬಂದಿತು. ಬಣ್ಣಕ್ಕೆ ಸುತ್ತಿದ್ದುದು ಯಾವುದೋ ಇಂಗ್ಲಿಷ್ ಸಚಿತ್ರ ಪತ್ರಿಕೆಯ ಹಾಳೆ. ಬೇರೆಯವರಾಗಿದ್ದರೆ ಬಣ್ಣವನ್ನು ಇಟ್ಟುಕೊಂಡು ಹಾಳೆಯನ್ನು ಎಸೆಯುತ್ತಿದ್ದರು. ಭಾವನವರು ಬಣ್ಣವನ್ನು ಮರೆತು ಹಾಳೆಯನ್ನು ಓದಿದರು. ಬೆಳಕನ್ನೇ ಬರೆಯುವವರ ಪಂಥ, ಬಣ್ಣವನ್ನು ವಸ್ತುವಿನ ಸೆರೆಯಿಂದ ಬಿಡಿಸುವವರ ಪಂಥ, ಒಂದೇ ಮುಖವನ್ನು ನಾಲ್ಕೂ ಕಡೆಯಿಂದ ಒಟ್ಟಿಗೆ ತೋರಿಸುವವರ ಪಂಥ, ಎಲ್ಲವೂ ಅದರಲ್ಲಿ ಇದ್ದವು. ಇಲ್ಲದಿದ್ದುದು ಒಂದೇ. ‘ಈ ಹೊಸ ಪಂಥಗಳ ಉದ್ದೇಶವೇನೆಂದರೆ’ ಎಂಬಲ್ಲಿಗೆ ಸರಿಯಾಗಿ ಹಾಳೆ ಹರಿದುಹೋಗಿತ್ತು.

ಕ್ರಿಯಾಪದವಿಲ್ಲದ ವಾಕ್ಯವನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. “ಉದ್ದೇಶವೇ ತಿಳಿಯದ ಪಂಥಕ್ಕೆ ಸೇರುವುದುಂಟೇ ಭಾವ?” ಎಂದು ಕೇಳಿದೆ.

“ಸೇರ್ಕೊಂಡ್ ಮ್ಯಾಲೆ ಗೊತ್ತಾಗತೈತೆ ಬಿಡ್ರಿ ಪಂಡಿತ್ರೇ. ಮದುವೆ ಆಗೋವಾಗ ಯಾರು ಉದ್ದೇಶ ಕೇಳ್ತಾರೆ?”

ಮೊದಲ ಪಂಥಕ್ಕೆ ಅವರು ಇಟ್ಟ ಹೆಸರು ‘ಮಬ್ಬುವಾದ’. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಗಂಟು ಹಾಕಿದ ಅಪ್ಪಟ ಅರಿಸಮಾಸ. ಅದನ್ನು ತಿದ್ದಲೆಂದೇ ನಾನು ಒಂದು ರಜೆಯಲ್ಲಿ ಹೊನ್ನಾಳಿಗೆ ಹೋದೆ. ಪಡಸಾಲೆಯ ಗೋಡೆಗೆ ತುಂಗಭದ್ರೆಯ ಸ್ನಾನಘಟ್ಟದ ಚಿತ್ರವನ್ನು ಒರಗಿಸಿದ್ದರು. ಹತ್ತಿರದಿಂದ ನೋಡಿದರೆ ಅಡುಗೆಮನೆಯ ಮಸಿಬಟ್ಟೆ.

“ಹತ್ತಿರ ಬರಬ್ಯಾಡ್ರಿ. ಹಿಂದಕ್ಕೆ ಸರೀರಿ” ಎಂದರು. ಸರಿದೆ. “ಇನ್ನೂ ಸರೀರಿ.” ಜಗಲಿ ಇಳಿದೆ. “ಇನ್ನೂ.” ಬೀದಿ ದಾಟಿ, ಎದುರು ಮನೆಯ ಎಮ್ಮೆಗೆ ಬೆನ್ನು ತಾಗಿದಾಗ ಹೊಳೆ ಕಾಣಿಸಿತು. ಎಮ್ಮೆಯ ನೆರವಿಲ್ಲದೆ ಅರ್ಥವಾಗದ ಕಲೆ ಎಂಥ ಕಲೆ ಎಂದು ನಾನು ಅಲ್ಲಿಂದಲೇ ಕೂಗಿದೆ.

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ದನಿ ಬಂದ ಕಡೆಗೆ ತಿರುಗಿದಳು. “ಯಾರು, ತಮ್ಮನಾ? ನೀನ್ಯಾಕೋ ಅಷ್ಟು ದೂರ ಹೋದೆ? ನನಗೆ ಹೊಳೆ ಇದ್ದಂಗೇ ಕಾಣತೈತೆ” ಎಂದಳು. ಗಂಡನನ್ನು ಬಿಟ್ಟುಕೊಡದ ಹೆಂಡತಿಯ ಮಾತೆಂದುಕೊಂಡೆ.

ಕಷ್ಟ ಶುರುವಾದದ್ದು ಮಬ್ಬು ಶಾಲೆಗೂ ಹರಡಿದಾಗ. ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಮಕ್ಕಳ ಡ್ರಾಯಿಂಗ್ ಪುಸ್ತಕ ತೆರೆದರೆ ಪುಟಪುಟದಲ್ಲೂ ಮಸಿ ಚೆಲ್ಲಿದಂತಿತ್ತು. ಸಾಹೇಬರು ಕೂಗಾಡುವವರಲ್ಲ, ಮೆಲ್ಲಗೆ ಮಾತಾಡುವ, ಮಾತಾಡಿದಂತೆಯೇ ಮಾಡುವ ಜಾತಿ. “ಮೇಷ್ಟ್ರೇ, ಇನ್ನೊಂದು ಸಲ ಇಂಥದು ನನ್ನ ಕಣ್ಣಿಗೆ ಬಿದ್ದರೆ ನಿಮ್ಮನ್ನು ಜಗಳೂರಿಗೆ ವರ್ಗ ಮಾಡಿಸುತ್ತೇನೆ” ಎಂದು ಹೇಳಿ, ಪುಸ್ತಕವನ್ನು ಮುಚ್ಚಿ ಹೋದರು.

ಅಂದಿನಿಂದ ಭಾವನವರ ಮುಖದ ಕಳೆಯೇ ಹೋಯಿತು. ಅನ್ನ ಕಲಸಿ ಕೈ ತೊಳೆದುಬಿಡುವರು. ಅಂಚೆಯವನು ಬೀದಿ ತಿರುಗಿದರೆ ಹಿತ್ತಲಿಗೆ ಹೋಗಿ ನಿಲ್ಲುವರು. ನಾನು ಸಮಾಧಾನ ಹೇಳಿದೆ: “ಜಗಳೂರಿಗೇನಾಗಿದೆ ಭಾವ? ಅಲ್ಲೇ ಹತ್ತಿರ ಬಿಳಿಚೋಡಿನಲ್ಲಿ ನನ್ನ ಶಿಷ್ಯರಿದ್ದಾರೆ. ಮನೆ ಹುಡುಕಿಕೊಡುತ್ತಾರೆ. ಸೋರದ ಮನೆ. ಅಲ್ಲಿ ಮಳೆ ಬಂದರಲ್ಲವೇ ಸೋರುವುದು.”

ಅವರು ನಗಲಿಲ್ಲ. “ಜಗಳೂರಿನ ಮ್ಯಾಲೆ ನಂದೇನೂ ತಕರಾರಿಲ್ರಿ. ಈ ಮನೆ ಬಿಡಾಕೆ ಆಗಲ್ಲ.”

“ಈ ಮನೆಯನ್ನೇ? ಇದರಲ್ಲೇನಿದೆ?”

“ಆಗಲ್ಲ ಅಂದ್ರೆ ಆಗಲ್ರೀ” ಎಂದು ಎದ್ದು ಹೋದರು.

ಬೆದರಿದ ಮನುಷ್ಯ ಅಲ್ಲಿಗೆ ಬದನೆಕಾಯಿಗೆ ಮರಳಬೇಡವೇ? ಶಾಲೆಯಲ್ಲಿ ಮರಳಿದರು. ಮನೆಯಲ್ಲಿ ಮಾತ್ರ ಎರಡನೆಯ ಪಂಥ ಆರಂಭವಾಗಿತ್ತು. ಹೆಸರು ‘ಉರಿವಾದ’, ಇನ್ನೊಂದು ಅರಿಸಮಾಸ. ಅಕ್ಕನ ಚಿತ್ರ ಬರೆದರೆ ಮುಖ ಅರಿಸಿನ, ನೆರಳು ಗಿಳಿಹಸಿರು. ಅದಾದರೂ ಹಾಳೆಯ ಮೇಲಿತ್ತು. ಮುಂದಿನ ಸಲ ನಾನು ಇದ್ದಿಲಿನ ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತಾ ಬಂದಿಳಿಯುವ ಹೊತ್ತಿಗೆ ಉರಿ ಹಾಳೆಯನ್ನು ಬಿಟ್ಟು ಮನೆಗೇ ತಗುಲಿತ್ತು. ಹೊಸ್ತಿಲುಗಳಿಗೆಲ್ಲ ಕೇಸರಿ. ಹಿತ್ತಲ ಮೆಟ್ಟಿಲುಗಳ ಅಂಚಿಗೆ ಹಳದಿ. ಬಾವಿಕಟ್ಟೆಯ ಸುತ್ತ ದಪ್ಪನೆಯ ಕೆಂಪು ಪಟ್ಟಿ. ಉಪ್ಪಿನ ಭರಣಿಗೊಂದು ಬಣ್ಣ, ಖಾರದ ಭರಣಿಗೊಂದು. ಯುದ್ಧದ ದೆಸೆಯಿಂದ ಬಣ್ಣವೇ ಸಿಗದ ಕಾಲದಲ್ಲಿ ಈ ದುಂದು!

“ಇದೇನು ಭಾವ?”

“ಕಲೇನ ಚೌಕಟ್ಟಿನಿಂದ ಹೊರಗೆ ತರಬೇಕು ಅಂತಾರ್ರೀ ಹೊಸಬರು.”

“ತಂದು ಬಾವಿಗೆ ಹಾಕಿ ಎನ್ನುತ್ತಾರೆಯೇ?”

ಎದುರು ಮನೆಯ ಎಮ್ಮೆಯ ಒಡತಿ ಬೀದಿಯಾಚೆಯಿಂದ ಮಾತು ಸೇರಿಸಿದಳು: “ಊರಿಗೆಲ್ಲ ಹೋಳಿ ಮುಗದ್ರೂ ಮೇಷ್ಟ್ರ ಮನ್ಯಾಗೆ ಮುಗದಿಲ್ಲ ನೋಡ್ರಿ.” ಅಕ್ಕ ಕೇಸರಿ ಹೊಸ್ತಿಲನ್ನು ದಾಟಿ ನನಗೆ ಕಾಫಿ ತಂದುಕೊಟ್ಟಳು.

ಮೂರನೆಯ ಪಂಥದ ಹೆಸರು ‘ಚೌಕವಾದ’. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮಬ್ಬು ಎಂಬುದಕ್ಕೆ ‘ಆದ’ ಸೇರಿದರೆ ಮಬ್ಬಾದ, ಉರಿಗೆ ಸೇರಿದರೆ ಉರಿಯಾದ, ಗೊಂದಲವಿಲ್ಲ. ಆದರೆ ಚೌಕಕ್ಕೆ ‘ವಾದ’ ಸೇರಿದರೂ ಚೌಕವಾದ, ‘ಆದ’ ಸೇರಿ ನಡುವೆ ವಕಾರ ಬಂದರೂ ಚೌಕವಾದ. ಈ ಹೆಸರು ಅಪಾಯಕರ ಎಂದು ನಾನು ಅಂದೇ ಎಚ್ಚರಿಸಿದ್ದೆ. ಭಾವನವರು ನಕ್ಕು, “ಸಂಧಿಯಿಂದ ಯಾರಿಗೂ ಅಪಾಯ ಆಗಿದ್ದು ಕೇಳಿಲ್ಲ ಬಿಡ್ರಿ” ಎಂದರು.

ಆಯಿತು.

ಚನ್ನಗಿರಿಯ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಹೊನ್ನಾಳಿಯ ಶಾಲೆಗೆ ಒಂದು ಹಾಲ್ ಕಟ್ಟಿಸಿಕೊಟ್ಟರು. ಅದರಲ್ಲಿ ಅವರ ಭಾವಚಿತ್ರ ಹಾಕಬೇಕು. ಅದನ್ನು ಅನಾವರಣ ಮಾಡಲು ಬರುವವರು ಅದೇ ಇನ್ಸ್‌ಪೆಕ್ಟರ್ ಸಾಹೇಬರು. ಭಾವನವರು ಪ್ರಾಣವನ್ನು ಕುಂಚದ ತುದಿಗೆ ತಂದುಕೊಂಡು ಬರೆದರು. ಸಾಹುಕಾರರ ಮೀಸೆಯ ಒಂದೊಂದು ಎಳೆ, ರುಮಾಲಿನ ಒಂದೊಂದು ಮಡಿಕೆ, ಕಿವಿಯ ಹತ್ತಕಡಕು, ಎಲ್ಲವೂ ಇದ್ದ ಹಾಗೆಯೇ. ಅದನ್ನು ನೋಡಿದ ಹೆಡ್‌ಮಾಸ್ತರರು ನಮಸ್ಕಾರ ಮಾಡಿಬಿಟ್ಟರಂತೆ. ಆದರೆ ಅದರ ಜೊತೆಗೆ, ಯಾರೂ ಕೇಳದಿದ್ದರೂ, ಅದೇ ಸಾಹುಕಾರರ ಚೌಕವಾದದ ಚಿತ್ರವೊಂದನ್ನೂ ಬರೆದಿದ್ದರು. ಅದು ಮನೆಗೆ.

ಎರಡಕ್ಕೂ ಕಟ್ಟು ಹಾಕಿಸಲು ನ್ಯಾಮತಿಯ ಹುಸೇನ್ ಸಾಬರಿಗೆ ಕೊಟ್ಟರು. ಸಾಬರು ಎರಡನೆಯದನ್ನು ಹಾಗೆ ಹೀಗೆ ತಿರುಗಿಸಿ, “ಮೇಷ್ಟ್ರೇ, ಇದರಾಗೆ ಮ್ಯಾಲೆ ಯಾವ ಕಡೆ?” ಎಂದು ಕೇಳಿದರಂತೆ. ಭಾವನವರು ವಿವರಿಸುವಷ್ಟರಲ್ಲಿ ಅವರು ಹತ್ತಿದ್ದ ಹೊನ್ನಾಳಿಯ ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹಾಕಿ ಕೂಗಿದರು: “ಸಾಬ್ರೇ, ಚೌಕವಾದದ್ದು ಮನೆಗೆ, ಇನ್ನೊಂದು ಶಾಲೆಗೆ!”

ನಂಬಿಗಸ್ತ ಮನುಷ್ಯ ಹುಸೇನ್ ಸಾಬರು. ಅಳತೆಗೋಲು ಹಿಡಿದು ನೋಡಿದರು. ಮೀಸೆಯ ಎಳೆಎಳೆ ಕಾಣುವ ಚಿತ್ರ ಉದ್ದಗಲ ಸಮನಾಗಿ ಚೌಕವಾಗಿತ್ತು. ಚೌಕವಾದದ ಚಿತ್ರವೋ, ನೀಳವಾಗಿತ್ತು. ಚೌಕವಾದದ್ದನ್ನು ಮನೆಗೆ ಕಳಿಸಿದರು, ಇನ್ನೊಂದನ್ನು ಶಾಲೆಗೆ. ತಪ್ಪು ಯಾರದು? ವಕಾರಾಗಮದ್ದು.

ಹಾಲ್‌ನಲ್ಲಿ ಜನ ತುಂಬಿದ್ದರು. ನಾನು ಮೊದಲ ಸಾಲಿನಲ್ಲಿದ್ದೆ. ಸಾಹೇಬರು ದಾರ ಎಳೆದರು, ಬಟ್ಟೆ ಸರಿಯಿತು. ಅಚ್ಚುಬೆಲ್ಲಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಒಂದು ಮುಖ. ಕಂಬಿಯಷ್ಟು ದಪ್ಪನೆಯ ಕರಿ ಗೆರೆಗಳು. ಎರಡೂ ಕಣ್ಣು ಒಂದೇ ಕೆನ್ನೆಗೆ. ಮೀಸೆ ಮಾತ್ರ ಚಿತ್ರದ ಅಡ್ಡಕ್ಕೆ ನೊಗದಂತೆ. ಭಾವನವರು ಗೋಡೆಗೆ ಒರಗಿದರು; ಅವರ ಮುಖ ಸುಣ್ಣ ಬಳಿದಂತಾಗಿತ್ತು.

ಕೊನೆಗೆ ಸಾಹುಕಾರರೇ ಬಾಯಿಬಿಟ್ಟರು. “ನನ್ನ ಮೂಗು ಎಲ್ಲಿ ಹೋತ್ರಿ?”

“ಬಲಗಿವಿ ಪಕ್ಕದಾಗೆ ಐತೆ ನೋಡ್ರಿ” ಎಂದಿತು ಹಿಂದಿನಿಂದ ಒಂದು ದನಿ. ಬಾಗಿಲಲ್ಲಿ ನಿಂತಿದ್ದ ಹುಸೇನ್ ಸಾಬರು ಸಹಾಯಕ್ಕೆ ಬಂದರು: “ನಾಲ್ಕೂ ಕಡೆ ಕೊಂಡಿ ಹಾಕೀನ್ರಿ ಸಾವ್ಕಾರ್ರೇ. ಹಿಂಗೆ ಸರಿ ಕಾಣ್ದಿದ್ರೆ ತಿರುಗಿಸಿ ತಗಲಾಕ್ರಿ.”

ಸಾಹೇಬರು ಭಾವನವರ ಕಡೆ ತಿರುಗಿದರು. “ಇದೇನು?”

“ಚೌಕವಾದದ್ದು ಸ್ವಾಮಿ” ಎಂದರು ಭಾವ.

“ಸಾಹುಕಾರರು ಚೌಕವಾದದ್ದು ಯಾವಾಗ?”

ಇನ್ನು ತಡೆಯುವುದು ನನ್ನಿಂದಾಗಲಿಲ್ಲ. ಎದ್ದು ನಿಂತೆ. ಆ ಪದವನ್ನು ಎರಡೂ ಬಗೆಯಲ್ಲಿ ಬಿಡಿಸಿ, ಒಂದು ಆಕಾರ, ಇನ್ನೊಂದು ಸಿದ್ಧಾಂತ ಎಂದು ಉದಾಹರಣೆಸಹಿತ ನಿರೂಪಿಸಿದೆ.

ಸಾಹುಕಾರರು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. “ಅದಿರಲಿ ಪಂಡಿತ್ರೇ. ಎರಡರಾಗೆ ಬೈಗುಳ ಯಾವುದು?”

“ಎರಡೂ ಅಲ್ಲ. ಚೌಕವೆಂದರೆ ನಾಲ್ಕು ಬದಿಯೂ ಸಮ. ಯಾವ ಕಡೆಯಿಂದ ಅಳೆದರೂ ಅಷ್ಟೇ ಬರುವ ಮನುಷ್ಯ ಎಂದರ್ಥ.”

ಅವರು ಮೀಸೆಯ ಮೇಲೆ ಬೆರಳಾಡಿಸಿದರು. “ಅಡಿಕೆ ಯಾಪಾರದಾಗೆ ನನಗೆ ಹಂಗಂದೋರು ಇವತ್ತಿನತಂಕ ಯಾರೂ ಇರಲಿಲ್ಲ. ಇಳಿಸಬ್ಯಾಡ್ರಿ. ಇರಲಿ.”

ಸಾಹೇಬರು ಕರಗುವವರಲ್ಲ. “ವ್ಯಾಕರಣ ಸರಿ. ಈ ಪಂಥದ ಉದ್ದೇಶವೇನು? ನಾಳೆ ಬೆಳಗ್ಗೆ ನಾನು ಪ್ರವಾಸಿ ಬಂಗಲೆಯಿಂದ ಹೊರಡುವುದರೊಳಗೆ ಒಂದು ವಾಕ್ಯದಲ್ಲಿ ಬರೆದು ತನ್ನಿ. ಒಪ್ಪುವಂತಿದ್ದರೆ ಸರಿ. ಇಲ್ಲದಿದ್ದರೆ ಜಗಳೂರು.”

ಹರಿದ ಹಾಳೆ ಕೊನೆಗೂ ನಮ್ಮ ಕೊರಳಿಗೇ ಸುತ್ತಿಕೊಂಡಿತು. ಸಂಜೆ ಮನೆಯ ಪಡಸಾಲೆಯಲ್ಲಿ ಕಾಗದ ಹಿಡಿದು ಕುಳಿತೆ. ‘ಈ ಪಂಥದ ಉದ್ದೇಶವೇನೆಂದರೆ’ ಎಂದು ಬರೆದೆ. ಮುಂದೆ? ಭಾವನವರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. “ನೀವೇ ಏನಾದ್ರೂ ಬರೀರಿ ಪಂಡಿತ್ರೇ” ಎಂಬುದೊಂದೇ ಮಾತು. ನನಗೆ ಸಿಟ್ಟು ಬಂದಿತು. ಗೋಡೆಗೆ ಒರಗಿಸಿದ್ದ ಆ ಇನ್ನೊಂದು ಚಿತ್ರದ ಕಡೆ ಕೈ ತೋರಿಸಿ, “ಇಷ್ಟು ಚೆನ್ನಾಗಿ ಬರೆಯಬಲ್ಲವರಿಗೆ ಆ ಬೆಲ್ಲದಚ್ಚು ಯಾಕೆ ಬೇಕಿತ್ತು? ನೀನೇ ನೋಡಕ್ಕ, ಮೀಸೆಯ ಕೂದಲು ಎಣಿಸಬಹುದು” ಎಂದೆ.

ಅಕ್ಕ ಬಂದಳು. ಚಿತ್ರದ ಮುಂದೆ ಕೂತಳು. ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು, ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿದಳು. ಆಮೇಲೆ ಗಂಡನ ಕಡೆ ತಿರುಗಿ, “ಇದನ್ನ ಇನ್ನೂ ಬರದೇ ಇಲ್ಲೇನ್ರಿ? ಬರೀ ಬಟ್ಟೆಗೆ ಕಟ್ಟು ಹಾಕಿ ಕಳಿಸ್ಯಾರಲ್ಲ ಸಾಬ್ರು” ಎಂದಳು.

ನಾನು ಲೇಖನಿಯನ್ನು ಕೆಳಗಿಟ್ಟೆ.

ಭಾವನವರು ನನ್ನನ್ನು ನೋಡದೆ, ಅಕ್ಕ ಒಳಗೆ ಹೋಗುವವರೆಗೆ ಕಾದು ಮೆಲ್ಲಗೆ ಹೇಳಿದರು: “ಅವಳ ಕಣ್ಣಾಗಿರೋದು ಪೊರೆ ಅಲ್ವಂತೆ. ಒಳಗಿನ ನರದ್ದಂತೆ. ಶಿವಮೊಗ್ಗದ ಡಾಕ್ಟ್ರು ಕೈ ಬಿಟ್ರು. ಮೊದಲು ಗೆರೆ ಹೋತು, ಮಬ್ಬು ಉಳೀತು. ಆಮೇಲೆ ಉರಿಯಂಥ ಬಣ್ಣ ಅಷ್ಟೇ. ಈಗ ದಪ್ಪ ಗೆರೆ, ದೊಡ್ಡ ಚೌಕ ಹಾಕಿದ್ರೆ ಒಂದಿಷ್ಟು ತಿಳೀತೈತೆ. ‘ಸಾವ್ಕಾರ್ರು ಹೆಂಗವ್ರೆ, ನನಗೂ ತೋರಿಸ್ರಿ’ ಅಂದ್ಲು, ಬರದೆ. ಈ ಮನೇನೂ ಬಣ್ಣದಾಗೆ ಕಲ್ತ್ಕೊಂಡಾಳೆ. ಜಗಳೂರಿಗೆ ಹೋದ್ರೆ ಮತ್ತೆ ಮೊದಲಿಂದ ಕಲಿಯಾಕೆ ಅಷ್ಟು ಕಣ್ಣು ಉಳಿದಿಲ್ರಿ.” ಒಳಬಾಗಿಲ ಕಡೆ ನೋಡಿ, “ಯಾರಿಗೂ ಹೇಳಬ್ಯಾಡ್ರಿ ಅಂತ ಆಣೆ ಹಾಕಿಸ್ಕೊಂಡಾಳೆ. ಅಯ್ಯೋ ಪಾಪ ಅನ್ನಿಸ್ಕೊಳ್ಳೋದು ಅವಳಿಗೆ ಆಗಲ್ಲ” ಎಂದರು.

ನಾನು ವಾಕ್ಯವನ್ನು ಮುಗಿಸಿದೆ. ಒಂದೇ ಪದ ಬೇಕಾಯಿತು.

ಬೆಳಗ್ಗೆ ಬಂಗಲೆಯ ಜಗಲಿಯಲ್ಲಿ ಸಾಹೇಬರು ಕಾಗದವನ್ನು ಕನ್ನಡಕಕ್ಕೆ ಹಿಡಿದು ಓದಿದರು. “ಈ ಪಂಥದ ಉದ್ದೇಶವೇನೆಂದರೆ, ಕಾಣಿಸುವುದು.” ತಲೆಯೆತ್ತಿದರು. “ಯಾರಿಗೆ? ಚತುರ್ಥಿ ವಿಭಕ್ತಿಯೇ ಇಲ್ಲವಲ್ಲ ಪಂಡಿತರೆ?”

ಅಂಥ ವಾಕ್ಯ ಬರೆದ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. “ಅದು ಅಧ್ಯಾಹಾರ, ಸ್ವಾಮಿ” ಎಂದೆ. ಹೇಳದೆ ಬಿಟ್ಟ ಪದವನ್ನು ಓದುವವರೇ ತುಂಬಿಕೊಳ್ಳುವುದಕ್ಕೆ ವ್ಯಾಕರಣದಲ್ಲಿರುವ ಹೆಸರು ಅದು. ಸಾಹೇಬರು ನನ್ನನ್ನು ನೋಡಿದರು, ಭಾವನವರನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದರು, ಕಾಗದವನ್ನು ಮಡಿಸಿ ಜೇಬಿಗಿಟ್ಟರು. “ಇಲ್ಲೇ ಇರಿ. ಮಕ್ಕಳಿಗೆ ಮಾತ್ರ ಬದನೆಕಾಯಿ ಹೇಳಿಕೊಡಿ.”

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಕೆಮ್ಮಿದೆ.

“ಏನಂತ ಬರದ್ಯೋ ತಮ್ಮಾ?”

ಹೇಳಿದೆ.

“ಯಾರಿಗೆ ಅಂತ ಬರೀಲೇ ಇಲ್ವಾ? ನಿನ್ನ ಹುಡುಗ್ರು ಹಿಂಗೆ ಬರದಿದ್ರೆ ಬಿಡ್ತಿದ್ಯಾ ನೀನು?”

“ಬಿಡ್ತಿರಲಿಲ್ಲ ಅಕ್ಕ.”

ಅವಳು ನಕ್ಕಳು. ಕೊಡ ಎತ್ತಿಕೊಂಡು ಹಿತ್ತಲ ಕೇಸರಿ ಹೊಸ್ತಿಲನ್ನು ದಾಟಿ, ಹಳದಿ ಅಂಚಿನ ಮೆಟ್ಟಿಲುಗಳನ್ನು ಇಳಿದು, ಒಂದು ಸಲವೂ ಕೈ ಚಾಚದೆ, ಕೆಂಪು ಪಟ್ಟಿಯ ಬಾವಿಯ ಕಡೆಗೆ ನಡೆದುಹೋದಳು.