ಮೊದಲ ಲೋಟ ಮಾವನದು

ನಮ್ಮ ಸೋದರಮಾವನ ಮನೆಗೆ ಹೋಗುವವರಿಗೆ ನಾನು ಕೊಡುತ್ತಿದ್ದ ಸಲಹೆ ಒಂದೇ: ಕೆಮ್ಮಬೇಡಿ. ಸೀನು ಬಂದರೆ ಮೂಗು ಹಿಡಿದುಕೊಂಡು ರಸ್ತೆಗೆ ಓಡಿ. ಮಂಡಿ ಹಿಡಿದುಕೊಂಡಿದ್ದರೂ ನಗುನಗುತ್ತಾ ಏಳಿ. "ಯಾಕೋ ತಲೆ ಭಾರ" ಅಂತ ಬಾಯಿತಪ್ಪಿ ಅಂದಿರೋ, ಮುಗಿಯಿತು. ಮಾವ ಒಳಕ್ಕೆ ಹೋಗುತ್ತಾನೆ, ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತದೆ. ಆಮೇಲೆ ನಿಮಗೆ ತಲೆ ಭಾರ ಅನ್ನಿಸುವುದಿಲ್ಲ. ಬೇರೆ ಎಲ್ಲ ಭಾರ ಅನ್ನಿಸುತ್ತದೆ.

ಇಷ್ಟು ಹೇಳುವ ನಾನು ಯಾರು ಅಂತೀರಾ? ಚನ್ನಗಿರಿ ಸುತ್ತ ಈರುಳ್ಳಿ ಆಟೋಗಳಲ್ಲಿ "ಬರ್ರೀ ಅಕ್ಕಾರೆ, ಬರ್ರೀ ಅಣ್ಣಾರೆ" ಅಂತ ಮೈಕಿನಲ್ಲಿ ಬಡಕೊಳ್ಳುವ ದನಿ ಇದೆಯಲ್ಲ, ಅದು ನನ್ನದು. ಮದುವೆ, ಗೃಹಪ್ರವೇಶಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಹೋರಿಯಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರ ದನಿಯೂ ಬರುತ್ತದೆ. ಬಸವಾಪಟ್ಟಣಕ್ಕೆ ಹೆಣ್ಣು ನೋಡಲು ಹೋದಾಗ ಉತ್ಸಾಹದಲ್ಲಿ ಅಷ್ಟನ್ನೂ ಮಾಡಿ ತೋರಿಸಿದೆ. ಹುಡುಗಿ ಒಳಗೆ ಹೋಗಿ, "ಎಲ್ಲಾ ಸರಿ, ಇವರ ದನಿ ಯಾವುದು?" ಅಂತ ಕೇಳಿದಳಂತೆ. ಸಂಬಂಧ ಅಲ್ಲಿಗೇ ನಿಂತಿತು.

ನನ್ನ ಅಂಗಡಿಯಲ್ಲಿ ಹೆಚ್ಚು ಬಿಕರಿಯಾಗುವ ಮಾಲು ಮಾತ್ರ ನಮ್ಮ ಮಾವನ ದನಿ. ಹೊನ್ನಾಳಿಗೂ ಸಾಸ್ವೆಹಳ್ಳಿಗೂ ನಡುವೆ, ಬಸ್ಸು ಮನಸ್ಸಾದರೆ ಮಾತ್ರ ನಿಲ್ಲುವ ಒಂದು ಊರಿನಲ್ಲಿ ಮಾವ ನೀರಗಂಟಿಯಾಗಿದ್ದ. ಟ್ಯಾಂಕು ತುಂಬಿಸುವುದು, ಬ್ಲೀಚಿಂಗ್ ಪೌಡರ್ ಹಾಕುವುದು, ಬೆಳಗ್ಗೆ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವುದು. ಬಿಡುವ ಮೊದಲು ಊರಿಗೆಲ್ಲ ಕೇಳುವಂತೆ ಕೂಗಬೇಕಲ್ಲ? ಕೂಗಿ ಕೂಗಿ ಮಾವನ ಗಂಟಲು ಎಷ್ಟು ಅಗಲವಾಗಿತ್ತೆಂದರೆ, ಅವನು ಗುಟ್ಟು ಹೇಳಿದರೆ ಹೊಳೆಯಾಚೆಯ ಊರಿನವರು "ಹೌದೇನ್ರಿ?" ಅನ್ನುತ್ತಿದ್ದರು.

ಅತ್ತೆ ಜಗಳೂರು ಕಡೆಯವಳು. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತೇ ಬೆಳೆದವಳು. ಅವಳಪ್ಪ ವರನ ಹೊಲ ಕೇಳಲಿಲ್ಲ, ಜಾತಕ ಕೇಳಲಿಲ್ಲ. "ಹುಡುಗ ನೀರು ಬಿಡ್ತಾನಂತೆ" ಅಂದದ್ದಕ್ಕೆ "ಹಂಗಾರೆ ಕೊಟ್ಟುಬಿಡಾಣ" ಅಂದರಂತೆ.

ಮಾವನಿಗೆ ಒಂದು ಪದ್ಧತಿ ಇತ್ತು. ವಾಲ್ವು ತಿರುಗಿಸುವ ಮುಂಚೆ ಟ್ಯಾಂಕಿನ ಬುಡದ ನಲ್ಲಿಯಿಂದ ಒಂದು ಸ್ಟೀಲ್ ಲೋಟ ನೀರು ಹಿಡಿದು, ಪೂರ್ತಿ ತಾನೇ ಕುಡಿಯುತ್ತಿದ್ದ. ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಇನ್ನೂ ಬದುಕಿದ್ದೇನೆ ಅಂತ ಖಾತ್ರಿಯಾದ ಮೇಲೆ "ನೀರ್ ಬಿಟ್ಟೀನ್ರೋ..." ಅಂತ ಕೂಗು. ಮನೆ ಟ್ಯಾಂಕಿನ ಎದುರಿಗೇ. ಅತ್ತೆ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು: "ಕುಡ್ದು ನೋಡಿದ್ರೇನ್ರಿ?"

"ಹ್ಞೂಂ ಕಣೇ, ಹಿಡಿ."

ಆಮೇಲೆಯೇ ಅವಳ ಕೊಡ ನಲ್ಲಿಯ ಕೆಳಗೆ. ಬೇರೆ ಗಂಡಹೆಂಡಿರು ಬೆಳಗ್ಗೆ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ, ಇವರದ್ದು ಇಷ್ಟೇ.

ಕೆಲಸದಿಂದ ನಿವೃತ್ತನಾದ ಮೇಲೆ ಮಾವನ ಕೈಗೆ ಸ್ಮಾರ್ಟ್‌ಫೋನು ಬಂತು. ಫೋನಿನೊಳಗೆ ಬಿಳಿ ಕೋಟು ಹಾಕಿಕೊಂಡ, ಹೆಸರಿನ ಹಿಂದೆ ಡಾಕ್ಟರ್ ಅಂತ ತಾನೇ ಅಂಟಿಸಿಕೊಂಡ ಒಬ್ಬ ಸಿಕ್ಕಿದ. "ಕಾಯಿಲೆ ನೂರಿರಬಹುದು ಬಂಧುಗಳೇ, ಮೂಲ ಒಂದೇ, ಕ್ರಿಮಿ" ಅಂದ. ಮಾವ ಮಂಚದ ಮೇಲೆ ಎದ್ದು ಕೂತ. ಜೀವಮಾನವಿಡೀ ಕ್ರಿಮಿ ಕೊಂದವನಲ್ಲವೇ? ತಾನು ಇಷ್ಟು ವರ್ಷ ಡಾಕ್ಟರಾಗಿದ್ದದ್ದು ತನಗೇ ಗೊತ್ತಾಗಿರಲಿಲ್ಲ ಅಂತ ಅವತ್ತು ಗೊತ್ತಾಯಿತು.

"ಇಡೀ ಊರಿನ ಟ್ಯಾಂಕ್ ಕ್ಲೀನ್ ಇಟ್ಟೋನು ನಾನು" ಅಂದ. "ನಿನ್ ಹೊಟ್ಟೆ ಅದಕ್ಕಿಂತ ದೊಡ್ಡದೇನಲೇ?"

"ಮಾವ, ಟ್ಯಾಂಕಿಗೆ ಕರುಳಿಲ್ಲ."

"ಪೈಪ್ ಐತಲ್ಲೋ."

ಹಿಂಗೆ ಶುರುವಾಯಿತು. ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿಗೇ ಏನೇನು ಬೆರೆಸುತ್ತಿದ್ದ ಅಂತ ನಾನು ಬರೆಯುವುದಿಲ್ಲ. ನಿಮ್ಮ ಮನೆಯಲ್ಲೂ ಒಬ್ಬ ಮಾವ ಇರಬಹುದು. ಹಳೇ ಟಾನಿಕ್ ಬಾಟಲಿಗಳಲ್ಲಿ ತುಂಬಿಟ್ಟ ಆ ನೀರಿನ ಮುಚ್ಚಳ ತೆಗೆದರೆ ಎದುರು ಮನೆಯ ಬೆಕ್ಕು ಊರು ಬಿಡುತ್ತಿತ್ತು ಅಂದರೆ ಸಾಕು. ಒಂದು ಮಾತು ಮಾತ್ರ ಒಪ್ಪಬೇಕು. ಯಾರಿಂದಲೂ ಬಿಡಿಗಾಸು ಮುಟ್ಟಲಿಲ್ಲ, ಯಾರಿಗೆ ಕೊಡುವ ಮುಂಚೆಯೂ ತನ್ನ ಮೇಲೆ ಪ್ರಯೋಗ ಮಾಡದೆ ಬಿಡಲಿಲ್ಲ. ಹಚ್ಚುವುದಾದರೆ ಮೊದಲು ತನ್ನ ಕೈಗೆ, ಕುಡಿಯುವುದಾದರೆ ಮೊದಲು ತನ್ನ ನಾಲಿಗೆಗೆ ಒಂದು ಹನಿ. ಮಾವನ ತೊಗಲು ಬಾವಿ ಹಗ್ಗದಂಥದ್ದು, ಏನೂ ಆಗುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ನ್ಯಾಮತಿಯಲ್ಲಿ ಮಾವನ ಷಡ್ಡಕರಿದ್ದಾರೆ, ಅಂದರೆ ಅತ್ತೆಯ ತಂಗಿಯ ಗಂಡ. ಮಗಳ ಮದುವೆ ಹತ್ತಿರ ಬಂದಾಗಲೇ ಅವರ ಕುತ್ತಿಗೆಗೆ ಹುಳುಕಡ್ಡಿ ಎದ್ದಿತು. ಮಾವ ಬಾಟಲಿ ಹಿಡಿದು ಬಸ್ಸು ಹತ್ತಿದ. ಮದುವೆಯ ದಿನ ಷಡ್ಡಕರ ಕತ್ತು ಬಲಕ್ಕೆ ಮಾತ್ರ ತಿರುಗುತ್ತಿತ್ತು. ಬೀಗರು ಕೂತಿದ್ದು ಎಡಕ್ಕೆ. "ನಮ್ ಮುಖ ನೋಡಾಕೂ ಮನಸ್ಸಿಲ್ಲೇನ್ರಿ ಇವರಿಗೆ?" ಅಂತ ಬೀಗರು ಊಟಕ್ಕೇ ಏಳಲಿಲ್ಲ. ಅವರನ್ನು ಸಮಾಧಾನ ಮಾಡಿ ಎಬ್ಬಿಸುವಷ್ಟರಲ್ಲಿ ಪಾಯಸ ಗಟ್ಟಿಯಾಗಿತ್ತು.

ಮಾವ ಮೆಲ್ಲಗೆ, ಅಂದರೆ ಇಡೀ ಛತ್ರಕ್ಕೆ ಕೇಳುವಂತೆ, ವಿಚಾರಿಸಿದ: "ಹುಳುಕಡ್ಡಿ ಹೋತೋ ಇಲ್ವೋ?"

"ಚರ್ಮಾನೇ ಹೋದ್ಮೇಲೆ ಅದು ಎಲ್ಲಿ ಕೂರಬೇಕ್ರಿ ಮಾರಾಯ್ರೆ?"

"ಹಂಗಾರೆ ಗುಣ ಆತಲ್ಲ."

ನನ್ನ ಸರದಿಯೂ ಬಂತು. ತ್ಯಾವಣಿಗೆಯಲ್ಲಿ ಕಾರ್ಯಕ್ರಮವಿತ್ತು, ಗಂಟಲು ಕಟ್ಟಿತ್ತು. ನಾನೋ ಬುದ್ಧಿವಂತ, ನನ್ನ ಸಲಹೆ ನಾನೇ ಮರೆತು ಮಾವನ ಜಗಲಿಯ ಮೇಲೆ ಕೂತು ಕೆಮ್ಮಿದೆ. ಬಾಟಲಿ ಬಂತು. "ಬಾಯಿ ಮುಕ್ಕಳಿಸಿ ಉಗುಳು" ಅಂದ. ನಾನು ಹಿತ್ತಲಿಗೆ ಹೋಗಿ, ಗಳಗಳ ಅಂತ ಮುಕ್ಕಳಿಸುವ ಸದ್ದನ್ನು ಬರೀ ಬಾಯಲ್ಲಿ ಮಾಡಿ, ಔಷಧಿಯನ್ನು ದಾಸವಾಳದ ಬುಡಕ್ಕೆ ಸುರಿದೆ. ಕಲಾವಿದನಾಗಿದ್ದು ಸಾರ್ಥಕವಾಯಿತು ಅನ್ನಿಸಿತು. ಮುಂದಿನ ವಾರ ಹೋದರೆ ದಾಸವಾಳ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಿತ್ತು. ಮಾವ ಅದರ ಪಕ್ಕ ಕೂತು ಮರುಗುತ್ತಿದ್ದ.

"ಯಾವ್ದೋ ಕೆಟ್ಟ ರೋಗ ಬಡಿದೈತೆ ಕಣೋ ಇದಕ್ಕೆ. ನಾಳೆಯಿಂದ ಔಷಧಿ ಹಾಕ್ತೀನಿ."

ಇಲ್ಲಿಯವರೆಗೆ ನಾವು ನಗುತ್ತಲೇ ಇದ್ದೆವು. ಈ ಮದುವೆ ಕಥೆ, ದಾಸವಾಳದ ಕಥೆ ನನ್ನ ಕಾರ್ಯಕ್ರಮದಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದವು.

ಆಮೇಲೆ ಅತ್ತೆಯ ಕಾಲಿಗೆ ಗಾಯವಾಯಿತು.

ಅತ್ತೆಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿಗೆ ತಾಗಿದ ಕಲ್ಲಿನ ಗಾಯ ಮಾಯಲೇ ಇಲ್ಲ. ಹೊನ್ನಾಳಿಯ ಡಾಕ್ಟರು ಮಾತ್ರೆ ಬರೆದು, ದಿನಾ ಡ್ರೆಸ್ಸಿಂಗ್ ಮಾಡಿಸಿ, ಬರಿಗಾಲಲ್ಲಿ ಓಡಾಡಬೇಡಿ, ವಾಸಿಯಾಗುತ್ತದೆ ಅಂದಿದ್ದರು. ಆದರೆ ಜಗಳೂರಿನಲ್ಲಿರುವ ಅತ್ತೆಯ ಅಣ್ಣನಿಗೆ ಇದೇ ಕಾಯಿಲೆಯಲ್ಲಿ ಇಂಥದೇ ಗಾಯವಾಗಿ, ಮೊಣಕಾಲಿನ ಕೆಳಗೆ ಕಾಲೇ ತೆಗೆದಿದ್ದರು. ಅದನ್ನು ಮಾವ ನೋಡಿ ಬಂದಿದ್ದ. ಬಂದವನು ಹೊಸ ಬಾಟಲಿ ತಯಾರಿಸಲು ಕೂತ. ಈ ಸಲ ಕಡಕ್ಕಾಗಿ.

ಅತ್ತೆ ನನಗೆ ಫೋನು ಮಾಡಿದಳು. "ನಾಳೆ ಬೆಳಿಗ್ಗೆಯಿಂದ ಮಾತ್ರೆ ಬಂದ್ ಅಂತೆ ಕಣೋ. ಒಂದೊಂದು ಲೋಟ ಇದನ್ನೇ ಕುಡಿಬೇಕಂತೆ."

"ಕುಡಿಯಲ್ಲ ಅನ್ನು ಅತ್ತೆ."

"ಜಗಳ ಆಡಿದ್ರೆ ನಾನೂ ಆಡಬೌದು. ಅವರು ನನ್ನ ಕಾಲು ಹಿಡ್ಕೊಂಡು ಅಳಾಕೆ ಹತ್ತಿದ್ರೆ ಏನ್ ಮಾಡ್ಲಿ? ಮೊದಲು ಅವರೇ ಕುಡೀತಾರೆ. ಅವರು ಕುಡ್ದದ್ದನ್ನ ಇವತ್ತಿನವರೆಗೆ ನಾನು ಬೇಡ ಅಂದಿಲ್ಲ."

ಅದೇ ನನಗೆ ಹೆದರಿಕೆ ಹುಟ್ಟಿಸಿತು. ಹಗ್ಗದ ತೊಗಲಿನವನು ಕುಡಿದು ನಿಂತುಬಿಟ್ಟರೆ, ಅತ್ತೆ ಹಿಂದೆಮುಂದೆ ನೋಡದೆ ಕುಡಿಯುತ್ತಾಳೆ.

ನನ್ನ ಬಳಿ ಇದ್ದ ಆಯುಧ ಒಂದೇ. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನ ಫೋನು ಇಸಕೊಂಡು, ಆ ಬಿಳಿ ಕೋಟಿನವನ ದನಿಯಲ್ಲಿ ಮಾವನಿಗೆ ಫೋನು ಹಚ್ಚಿದೆ. "ನಮಸ್ಕಾರ ಬಂಧುಗಳೇ. ನಿಮ್ಮ ಸೇವೆ ನಮ್ಮ ಕಿವಿಗೆ ಬಿದ್ದಿದೆ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇದನ್ನು ಕೊಡಬಾರದು. ನೀವೂ ಕುಡಿಯಬಾರದು." ದನಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಾನೇ ನನ್ನ ಮಾತು ನಂಬಿದೆ. ಮಾವ ಭಕ್ತಿಯಿಂದ ಹ್ಞೂಂ, ಹ್ಞೂಂ ಅಂದ.

ಕೊನೆಗೆ ಕೇಳಿದ: "ಡಾಕ್ಟ್ರೇ, ತಾವು ಈಗ ಎಲ್ಲಿದೀರಿ?"

"ದೆಹಲಿಯಲ್ಲಿ."

"ದೆಹಲಿಯಿಂದ ಬಸವಾಪಟ್ಟಣ, ಸಾಸ್ವೆಹಳ್ಳಿ, ಹೊನ್ನಾಳಿಗೆ ಸೀದಾ ಬಸ್ ಐತೇನ್ರಿ? ನಿಮ್ ಹಿಂದೆ ಕಂಡಕ್ಟ್ರು ಕೂಗಾಕೆ ಹತ್ತಿದಾನೆ."

ನನ್ನ ವೃತ್ತಿಜೀವನದ ದೊಡ್ಡ ಸೋಲು ಅದು.

ಮರುದಿನ ಮೊದಲ ಬಸ್ಸಿಗೆ ಹೋದೆ. ಮಾವ ಅಂಗಳದಲ್ಲಿ ನಿಂತಿದ್ದ. ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ. "ಬಂದ ನೋಡೇ ದೆಹಲಿ ಡಾಕ್ಟ್ರು" ಅಂದ. ನಾನು ಚಪ್ಪಲಿ ಬಿಡದೆ ಓಡಿದೆ, ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಒಂದನ್ನು ಎತ್ತಿ, ನಲ್ಲಿಯ ನೀರು ಕುಡಿದ ಹಾಗೆ ಗಟಗಟ ಕುಡಿದುಬಿಟ್ಟ. ಅಭ್ಯಾಸದಂತೆ ಒಂದು ಗಳಿಗೆ ನಿಂತ.

ಅತ್ತೆ ಬಾಗಿಲಿಗೆ ಬಂದು ಕೇಳಿದಳು: "ಕುಡ್ದು ನೋಡಿದ್ರೇನ್ರಿ?"

ಮಾವ ಬಾಯಿ ತೆರೆದ. ದನಿ ಬರಲಿಲ್ಲ. ಒಂದು ಕೈಯಲ್ಲಿ ಗಂಟಲು ಹಿಡಿದುಕೊಂಡ. ಕೆಳಗೆ ಬೀಳುವ ಮುಂಚೆ ಇನ್ನೊಂದು ಕೈ ಬೀಸಿ ಅತ್ತೆಯ ಲೋಟವನ್ನು ಅಂಗಳಕ್ಕೆ ಹೊಡೆದುರುಳಿಸಿದ. ಅದು ಬಿದ್ದ ಕಡೆ ನೊರೆ ಎದ್ದಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಏನು ಕುಡಿದರು ಅಂತ ಕೇಳಿದರು. ಅತ್ತೆ ಸೆರಗಿನಲ್ಲಿ ಸುತ್ತಿ ತಂದಿದ್ದ ಬಾಟಲಿ ತೋರಿಸಿದಳು. ಡಾಕ್ಟರು ಮೂಸಿ, ದೂರ ಹಿಡಿದು, "ಇದರಲ್ಲಿ ನಾವು ನೆಲ ಒರೆಸೋಕೂ ಹೆದರ್ತೀವಮ್ಮ" ಅಂದರು. ಗಂಟಲು, ಅನ್ನನಾಳ ಎಲ್ಲ ಸುಟ್ಟಿತ್ತು. ಮೂಗಿನ ನಳಿಗೆಯಲ್ಲಿ ಗಂಜಿ. ಜೀವ ಉಳಿಯಿತು.

ಹುಷಾರಾಗುತ್ತಾ ಬಂದ ಮೇಲೆ ಮಾವನಿಗೆ ಮಾತಾಡುವ ಚಪಲ. ತುಟಿ ಆಡುತ್ತಿತ್ತು, ಸದ್ದಿಲ್ಲ. ನಾನು ಮಂಚದ ಪಕ್ಕ ಕೂತು ಡಬ್ಬಿಂಗ್ ಶುರು ಮಾಡಿದೆ. ಮಾವ ತುಟಿ ಆಡಿಸುವುದು, ನಾನು ಅವನ ದನಿಯಲ್ಲಿ ನರ್ಸಮ್ಮನನ್ನು ಕರೆಯುವುದು. ಒಮ್ಮೆ ನನ್ನನ್ನು ದಿಟ್ಟಿಸುತ್ತಾ ಬಹಳ ಹೊತ್ತು ತುಟಿ ಆಡಿಸಿದ. ಪೂರ್ತಿ ಬೈಗುಳ. ಕರ್ತವ್ಯ ಕರ್ತವ್ಯವೇ ತಾನೇ? ವಾರ್ಡಿಗೆಲ್ಲ ಕೇಳುವಂತೆ ಅಷ್ಟನ್ನೂ ನಾನೇ ನನಗೆ ಬೈದುಕೊಂಡೆ.

ಈಗ ಮಾವ ಮನೆಯಲ್ಲಿದ್ದಾನೆ. ದನಿ ಅಂತ ಉಳಿದಿರುವುದು ಒಣ ಜೋಳದ ಸಿಪ್ಪೆ ಸುಲಿಯುವಂಥ ಸಣ್ಣ ಸದ್ದು. ವಾಪಸ್ ಬರುವುದಿಲ್ಲ ಅಂದಿದ್ದಾರೆ ಡಾಕ್ಟರು. ಬಾಟಲಿಗಳನ್ನೆಲ್ಲ ಅವನೇ ಹೊರಹಾಕಿಸಿದ. ಅತ್ತೆಯನ್ನು ಡ್ರೆಸ್ಸಿಂಗಿಗೆ ಹೊನ್ನಾಳಿಗೆ ಕರೆದೊಯ್ಯುವವನೂ ಅವನೇ. ಗಾಯ ಮಾಯುತ್ತಿದೆ, ಬೆರಳು ಉಳಿದಿದೆ. ನಾನು ಕಾರ್ಯಕ್ರಮದಲ್ಲಿ ಮಾವನ ದನಿ ಬಿಟ್ಟುಬಿಟ್ಟೆ.

ಹೋದ ವಾರ ಹೋಗಿದ್ದೆ. ಬೆಳಗ್ಗೆ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಮಾವ ನನ್ನ ತೋಳು ಜಗ್ಗಿ, ಎದುರಿನ ಟ್ಯಾಂಕು ತೋರಿಸಿ, ಬಾಯಿಯ ಸುತ್ತ ಎರಡೂ ಕೈ ಹಿಡಿದ. ಕೂಗು ಅಂತ.

ನಾನು ಎದ್ದು ನಿಂತು, ಎದೆಯ ತಳದಿಂದ ಆ ದನಿ ಎತ್ತಿದೆ. "ನೀರ್ ಬಿಟ್ಟೀನ್ರೋ..."

ಅಕ್ಕಪಕ್ಕದ ಹೆಂಗಸರು ಕೊಡ ಹಿಡಿದು ಹೊರಬಂದು, ನೀರಿಲ್ಲದ ನಲ್ಲಿ ನೋಡಿ, ನನಗೆ ಬೈಯಲು ಬಾಯಿ ತೆರೆದು, ಜಗಲಿಯ ಮೇಲಿದ್ದ ಮಾವನನ್ನು ಕಂಡು ಕೊಡ ಕೆಳಗಿಟ್ಟರು. ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಚಪ್ಪಲಿ ಹಾಕಿದ ಕಾಲನ್ನು ಮೆಲ್ಲಗೆ ಊರುತ್ತಾ ಬಾಗಿಲಿಗೆ ಬಂದಳು. ನನ್ನ ಕಡೆ ನೋಡಲಿಲ್ಲ.

"ಕುಡ್ದು ನೋಡಿದ್ರೇನ್ರಿ?" ಅಂದಳು.

"ಹ್ಞೂಂ ಕಣೇ, ಹಿಡಿ" ಅನ್ನಲು ನಾನು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದು ನನ್ನನ್ನು ತಡೆದ. ಅದನ್ನು ಅವನೇ ಹೇಳಿದ, ಆ ಸಿಪ್ಪೆಯಂಥ ಸದ್ದಿನಲ್ಲೇ. ಪಕ್ಕದಲ್ಲೇ ನಿಂತಿದ್ದ ನನಗೂ ಸರಿಯಾಗಿ ಕೇಳಲಿಲ್ಲ.

ಬಾಗಿಲಲ್ಲಿದ್ದ ಅತ್ತೆಗೆ ಕೇಳಿತು.